ಹಿನ್ನೀರಿನ ದಂಡೆಯ ಚರ್ಚಿನ ಬಾಗಿಲು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ತುಂಗಭದ್ರಾ ಹಿನ್ನೀರಿನ ದಂಡೆಯ ಊರು. ಕೊನೆಯ ಓಣಿ ದಾಟಿದರೆ ಜಾಲಿಗಿಡಗಳ ನಡುವೆ ಒಂದು ಸಣ್ಣ ಚರ್ಚು ಸಿಗುತ್ತಿತ್ತು. ಹೆಂಚಿನ ಮಾಡು, ಸುಣ್ಣ ಬಳಿದ ಗೋಡೆ, ಮೂವತ್ತು ಜನ ಕೂತರೆ ತುಂಬಿಹೋಗುವಷ್ಟು ಜಾಗ. ಅದರಾಚೆ ಬರೀ ನೀರು. ಮಳೆಗಾಲದಲ್ಲಿ ಮೆಟ್ಟಿಲ ಹತ್ತಿರ ಬರುವ ಆ ನೀರು ಬೇಸಿಗೆಯಲ್ಲಿ ಒಂದು ಮೈಲಿ ಹಿಂದೆ ಸರಿದು, ಬಿರುಕು ಬಿಟ್ಟ ಕರಿಮಣ್ಣನ್ನು ತೋರಿಸುತ್ತಿತ್ತು.

ತಿಂಗಳಿಗೊಮ್ಮೆ ಬರುತ್ತಿದ್ದ ಪಾದ್ರಿಗಳು ಒಂದು ದಿನ ಶಾಲೆಗೇ ಬಂದು, ಚರ್ಚಿನ ಇತಿಹಾಸವನ್ನು ಎರಡು ಪುಟದಲ್ಲಿ ಬರೆದುಕೊಡಲು ಕೇಳಿದರು. ನನ್ನ ಅಕ್ಷರ ದುಂಡಗಿದೆ ಎಂದು ಯಾರೋ ಹೇಳಿದ್ದರಂತೆ. ಅದಕ್ಕೆ ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಆಸೆ ಅವರದು. ಕೊಟ್ಟೂರಿನ ನಮ್ಮ ಮನೆಯಲ್ಲಿ ವಿಭೂತಿ ಹಚ್ಚದೆ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ. ನಾನು ಚರ್ಚಿನ ಹೊಸ್ತಿಲು ತುಳಿದವಳೇ ಅಲ್ಲ. ಆದರೆ ಹಿಂದಿನ ವರ್ಷ ಅಪ್ಪ ತೀರಿಕೊಂಡಿದ್ದರು. ರಜೆಗೆ ಅವರಿಲ್ಲದ ಮನೆಗೆ ಹೋಗಲು ಮನಸ್ಸಾಗದೆ, ಬರೆಯುತ್ತೇನೆಂದು ಒಪ್ಪಿಕೊಂಡೆ.

ಇತಿಹಾಸ ಹೇಳಬಲ್ಲವರು ಊರಿನಲ್ಲಿ ಒಬ್ಬರೇ ಇದ್ದರು. ದಿನವೂ ಚರ್ಚಿನ ಕಸ ಗುಡಿಸುವ, ಐವತ್ತು ದಾಟಿದ ಹೆಂಗಸು. ಎಲ್ಲರೂ ಆಕೆಯನ್ನು ಚರ್ಚಿನವ್ವ ಎನ್ನುತ್ತಿದ್ದರು. ಮೊದಲ ದಿನವೇ ಆಕೆ ತಗಡಿನ ಪೆಟ್ಟಿಗೆಯಿಂದ ಒಂದು ಹಳೆಯ ದಪ್ಪ ಪುಸ್ತಕ ತೆಗೆದುಕೊಟ್ಟಳು. ಆಕೆಯ ಅಪ್ಪ, ಈಗ ಹಿನ್ನೀರಿನಡಿ ಇರುವ ಹಳೆಯ ಊರಿನ ಚರ್ಚಿನಲ್ಲಿ ಉಪದೇಶಿಯಾಗಿದ್ದನಂತೆ. ಪ್ರಾರ್ಥನೆ ನಡೆಸುವುದು, ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದು ಎಲ್ಲವನ್ನೂ ಬರೆದಿಡುವುದು ಆತನ ಕೆಲಸ. ಪುಸ್ತಕದ ಅರ್ಧದವರೆಗೆ ಆತನ ಕೈಬರಹವಿತ್ತು.

ಅಣೆಕಟ್ಟೆಯಲ್ಲಿ ಮೊದಲ ಸಲ ನೀರು ನಿಂತಾಗ ಆಕೆಗೆ ಹತ್ತು ವರ್ಷ. ಹಳೆಯ ಊರಿನ ಜನ ಗಾಡಿಗಳಲ್ಲಿ ಸಾಮಾನು ಹೇರಿಕೊಂಡು ಈ ದಿಬ್ಬಕ್ಕೆ ಬಂದರು. ಆಕೆಯ ಅಪ್ಪ ಮಾತ್ರ ದಿನವೂ ಹಿಂದಿರುಗಿ ಹೋಗಿ ಚರ್ಚಿನದೊಂದೊಂದು ವಸ್ತು ಹೊತ್ತು ತರುತ್ತಿದ್ದ. ಒಂದು ದಿನ ಗಂಟೆ, ಒಂದು ದಿನ ಬೆಂಚು. ಕೊನೆಗೆ ಸಾಗುವಾನಿಯ ಬಾಗಿಲು ಉಳಿಯಿತು. ಅದನ್ನು ಬಿಚ್ಚಿ ತರುತ್ತೇನೆಂದು ಬೆಳಗ್ಗೆ ಹೊರಟಾಗ ನೀರು ಅಲ್ಲಿ ಮೊಣಕಾಲಿನವರೆಗಷ್ಟೇ ಇತ್ತು. ಸಂಜೆಗೆ ಆ ಚರ್ಚಿನ ಮಾಡು ಕೂಡ ಕಾಣಲಿಲ್ಲ. ಮರುದಿನ ಬಾಗಿಲು ತೇಲುತ್ತ ಬಂದು ಈ ದಂಡೆಗೆ ಹತ್ತಿತು. ಚಿಲಕ, ಕೀಲು ಯಾವುದೂ ಮುರಿದಿರಲಿಲ್ಲ. ಬಾಗಿಲ ಮೇಲೆ ಅಪ್ಪನ ಹೆಗಲವಸ್ತ್ರ ಮಡಚಿ ಇಟ್ಟಿತ್ತು. ಅಪ್ಪ ಸಿಗಲಿಲ್ಲ.

ಹೊಸ ಚರ್ಚಿಗೆ ಅದೇ ಬಾಗಿಲು ಕೂರಿಸಿದರು. ಇದನ್ನೆಲ್ಲ ಆಕೆ ಕಸಬರಿಗೆ ಕೆಳಗಿಡದೆ, ನೆಲ ನೋಡುತ್ತ ಹೇಳಿದಳು. ನಾನು ಬರೆದುಕೊಂಡೆ.

ಮೇ ತಿಂಗಳ ಒಂದು ಮಧ್ಯಾಹ್ನ ಒಬ್ಬಳೇ ಕೂತು ಆ ಪುಸ್ತಕದಿಂದ ನಕಲು ಮಾಡುತ್ತಿದ್ದೆ. ಬಿಸಿಗಾಳಿ ಎದ್ದು ಕೆಂಧೂಳು ಹಾಳೆಯ ಮೇಲೆ ಬೀಳತೊಡಗಿತು. ಎದ್ದು ಬಾಗಿಲು ಮುಚ್ಚಿ ಚಿಲಕ ಹಾಕಿದೆ. ಒಳಗೆ ತಟ್ಟನೆ ತಂಪಾಯಿತು. ಹಾಯೆನಿಸಿ ಮತ್ತೆ ಬರೆಯತೊಡಗಿದೆ. ಸ್ವಲ್ಪ ಹೊತ್ತಿಗೆ ಹಸಿ ಮಣ್ಣಿನ, ಪಾಚಿಯ ವಾಸನೆ ಬಂತು. ಆಮೇಲೆ ಬಾಗಿಲು ತಟ್ಟಿದ ಸದ್ದು.

ಮೂರು ಸಲ, ನಿಧಾನವಾಗಿ. ಜನ ತಟ್ಟುವ ಎತ್ತರದಲ್ಲಲ್ಲ; ಹೊಸ್ತಿಲಿಗಿಂತ ಒಂದು ಗೇಣು ಮೇಲೆ. ಬಹಳ ಕೆಳಗೆ ನಿಂತವರು ಕೈ ಚಾಚಿ ತಟ್ಟಿದ ಹಾಗಿತ್ತು. ಚರ್ಚಿನವ್ವ ಇರಬೇಕೆಂದು ಕರೆದೆ. ಮತ್ತೆ ಮೂರು ಸಲ. ನನ್ನ ಕೈಯ ಪೆನ್ನು ನಿಂತಲ್ಲೇ ಹಾಳೆಯ ಮೇಲೆ ಮಸಿ ಹರಡುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ.

ಧೈರ್ಯವೆಂದಲ್ಲ, ಒಳಗೆ ಇರಲಾಗದೆ ಚಿಲಕ ತೆಗೆದೆ. ಉರಿಬಿಸಿಲು. ಕಣ್ಣು ಹಾಯುವವರೆಗೆ ಬಯಲು, ಒಂದು ಆಡೂ ಇರಲಿಲ್ಲ. ಆದರೆ ಮೂರೂ ಮೆಟ್ಟಿಲು ತೊಯ್ದಿದ್ದವು. ಬಾಗಿಲ ಕೆಳಗಿನ ಹಲಗೆಯಿಂದ ನೀರು ಹನಿಯುತ್ತಿತ್ತು.

ಅಷ್ಟರಲ್ಲಿ ಓಣಿಯ ಕಡೆಯಿಂದ ಚರ್ಚಿನವ್ವ ಬಂದಳು. ಮೆಟ್ಟಿಲು ನೋಡಿದಳು, ನನ್ನ ಮುಖ ನೋಡಿದಳು.

“ಚಿಲಕ ಹಾಕಿದ್ರೇನ್ರಿ ಅಕ್ಕೋರೇ?”

ಧೂಳು ಬರುತ್ತಿತ್ತು ಎಂದೆ.

“ಹಾಕಬ್ಯಾಡ್ರಿ,” ಎಂದಳು. ಸಿಟ್ಟಿರಲಿಲ್ಲ. “ಬಾಗಲ ಕಳಿಸಿದಾತ ನಮ್ಮಪ್ಪ. ಆತಗ ಬಾಗಲ ಹಾಕಿದ್ರ ಹೆಂಗ್ರಿ?”

ಆಕೆ ಬಗ್ಗಿ ಸೆರಗಿನಿಂದ ಹಲಗೆ ಒರೆಸಿದಳು, ಹೊರಗಿನಿಂದ ಬಂದ ಮಗುವಿನ ಕಾಲು ಒರೆಸುವ ಹಾಗೆ. ನನಗೆ ಒಮ್ಮೆಲೇ ಅಳು ಬಂತು. ಹೆದರಿಕೆಗೋ, ನಮ್ಮಪ್ಪನ ನೆನಪಾಗಿಯೋ ತಿಳಿಯದು. ಆಕೆ ಸಮಾಧಾನ ಮಾಡಲಿಲ್ಲ; ಮೆಟ್ಟಿಲು ಒಣಗುವವರೆಗೆ ಪಕ್ಕದಲ್ಲಿ ಕೂತಿದ್ದಳು.

ಬರೆದದ್ದನ್ನು ಪಾದ್ರಿಗಳಿಗೆ ತೋರಿಸಿದಾಗ ಅವರು ಒಂದೇ ತಿದ್ದುಪಡಿ ಹೇಳಿದರು. ಉಪದೇಶಿ ನೀರಿನಲ್ಲಿ ಮುಳುಗಿ ತೀರಿಕೊಂಡರು ಎಂದು ಸ್ಪಷ್ಟವಾಗಿ ಬರೆಯಬೇಕಂತೆ. ಚರ್ಚಿನವ್ವ ಅಲ್ಲೇ ಇದ್ದಳು.

“ಸತ್ತಾನಂತ ಬರೀಬ್ಯಾಡ್ರಿ. ಹೋಗ್ಯಾನ, ಇನ್ನಾ ಬಂದಿಲ್ಲ. ಅಷ್ಟ ಬರೀರಿ.”

ಪಾದ್ರಿಗಳು ಪುನರುತ್ಥಾನದ ಬಗ್ಗೆ ಮೆಲ್ಲಗೆ ಏನೋ ವಿವರಿಸಿದರು. ಆಕೆ ಪೂರ್ತಿ ಕೇಳಿಸಿಕೊಂಡು ಅದೇ ಮಾತನ್ನು ಮತ್ತೆ ಹೇಳಿದಳು. ಕೊನೆಗೆ ಅವರು ನನ್ನತ್ತ ನೋಡಿದರು. ನಾನು ಆಕೆ ಹೇಳಿದಂತೆಯೇ ಬರೆದೆ.

ಮುಂದಿನ ಭಾನುವಾರ ನನ್ನಿಂದಲೇ ಅದನ್ನು ಓದಿಸಿದರು. ಇಪ್ಪತ್ತು ಜನ ಚಾಪೆಯ ಮೇಲೆ ಕೂತಿದ್ದರು, ಬಾಗಿಲು ತೆರೆದಿತ್ತು. ‘ಹೋದರು, ಇನ್ನೂ ಬಂದಿಲ್ಲ’ ಎಂಬ ಸಾಲಿಗೆ ಬಂದಾಗ ಯಾಕೋ ತಲೆಯೆತ್ತಿದೆ. ಚರ್ಚಿನವ್ವ ಯಾರನ್ನೂ ನೋಡದೆ ಗೋಡೆಯ ಕಡೆ ಸರಿದು, ಒಬ್ಬರು ಕೂರುವಷ್ಟು ಚಾಪೆ ಬಿಟ್ಟುಕೊಟ್ಟಳು. ಆಕೆಯ ಹಿಂದಿದ್ದವರೂ ಸುಮ್ಮನೆ ಕಾಲು ಮಡಚಿಕೊಂಡರು. ನಾನು ಉಳಿದದ್ದನ್ನು ಓದಿ ಮುಗಿಸಿದೆ.

ಎರಡು ವರ್ಷದ ನಂತರ ನನಗೆ ಹಡಗಲಿಗೆ ವರ್ಗವಾಯಿತು. ಆದರೆ ಚರ್ಚಿನಲ್ಲಿ ಓದಿದ ಆ ಬೇಸಿಗೆ ಮುಗಿಯುವ ಮೊದಲೇ ಕೊಟ್ಟೂರಿನ ಮನೆಗೆ ಹೋಗಿ, ನಮ್ಮವ್ವನ ಜೊತೆ ಹದಿನೈದು ದಿನ ಇದ್ದು ಬಂದಿದ್ದೆ.