ಇಬ್ಬರೂ ಹೊಸೆದ ಹಗ್ಗ

ನಮ್ಮೂರಿನವರ ಮೇಲೆ ನನಗೆ ಸಿಟ್ಟಿದೆ. ಆದರೆ ಅದು ಹಳೇ ಸಿಟ್ಟು, ಮೈಗೆ ಒಗ್ಗಿಹೋಗಿದೆ. ಇವತ್ತಿಗೂ ಆರದಿರುವುದು ನನ್ನ ಗೆಳತಿಯ ಮೇಲಿನ ಸಿಟ್ಟು.

ಗುಬ್ಬಿಯಲ್ಲಿ ಬಸ್ಸಿಳಿದು ನಡೆದು ಹೋಗಬೇಕಾದ ಊರು ನಮ್ಮದು. ಊರಾಚೆ ಎರಡು ಕೇರಿ. ಅವಳದು ಬಲಗೈನವರ ಕೇರಿ, ನಮ್ಮದು ಎಡಗೈನವರ ಕೇರಿ. ಅವರು ಕೂಲಿ ಮಾಡುವವರು, ನಾವು ಚರ್ಮದ ಕೆಲಸದವರು. ಊರಿನವರಿಗೆ ಇಬ್ಬರೂ ಮುಟ್ಟಬಾರದವರೇ. ಆದರೂ ಅವಳ ಕೇರಿಯವರು ನಮ್ಮ ಮನೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಅಪ್ಪ ಹೊಲಿದ ಬಾನಿಯಲ್ಲಿ, ಅಂದರೆ ಎತ್ತುಗಳು ಬಾವಿಯಿಂದ ಎಳೆಯುವ ಚರ್ಮದ ಚೀಲದಲ್ಲಿ, ಗೌಡರ ತೋಟಕ್ಕೆಲ್ಲ ನೀರು ಹರಿಯುತ್ತಿತ್ತು. ಅವ್ವ ಮಾತ್ರ ಊರಿನ ಸೇದೋ ಬಾವಿಯ ಹತ್ತಿರ ಖಾಲಿ ಕೊಡ ಇಟ್ಟುಕೊಂಡು, 'ಒಂದು ಕೊಡ ಹುಯ್ರವ್ವಾ' ಅಂತ ಹಲ್ಲು ಗಿಂಜುತ್ತಾ ನಿಲ್ಲಬೇಕಿತ್ತು. ಪಕ್ಕದಲ್ಲೇ ನನ್ನ ಗೆಳತಿಯ ಅವ್ವನೂ ನಿಂತಿರುತ್ತಿದ್ದಳು. ಯಾರಾದರೂ ಪುಣ್ಯಾತ್ಗಿತ್ತಿ ಬಂದು, ಕೊಡಕ್ಕೆ ಕೊಡ ತಾಗದ ಹಾಗೆ ಮೇಲಿನಿಂದ ಹುಯ್ಯುತ್ತಿದ್ದಳು. ಅರ್ಧ ನೆಲದ ಪಾಲಾಗುತ್ತಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾವಿಬ್ಬರೂ ತುಮಕೂರಿನ ಹಾಸ್ಟೆಲ್‌ನಲ್ಲಿದ್ದೆವು. ಒಂದೇ ಟ್ರಂಕು, ಒಂದೇ ತಟ್ಟೆ. ಅವಳ ತಲೆಗೆ ನಾನು ಎಣ್ಣೆ ಹಚ್ಚುತ್ತಿದ್ದೆ. ನನಗೆ ಜ್ವರ ಬಂದಾಗ ಗಂಜಿ ಕುಡಿಸಿದವಳು ಅವಳು.

ಬಾವಿಯ ಮಾತು ಎತ್ತಿದವಳೂ ಅವಳೇ. ಬೇಸಿಗೆ ರಜೆಯಲ್ಲಿ ಎರಡೂ ಕೇರಿಯ ಹೆಂಗಸರನ್ನು ನಮ್ಮ ಜಗಲಿಯ ಮೇಲೆ ಕೂರಿಸಿದಳು. 'ಬೇಡ್ಕಂಡು ಕುಡ್ದಿದ್ದು ಸಾಕು. ನಮ್ಮ ಹಗ್ಗ ನಾವೇ ಬಿಡಾಣ. ಬಿಟ್ರೆ ಇಬ್ರೂ ಒಟ್ಗೇ ಬಿಡಾಣ' ಅಂದಳು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸಾಯುವುದರೊಳಗೆ ಒಂದು ಕೊಡ ನೀರನ್ನು ತನ್ನ ಕೈಯಾರೆ ಸೇದಬೇಕು ಅನ್ನುವುದು ಅವಳ ಜೀವಮಾನದ ಆಸೆ.

ಕತ್ತಾಳೆ ನಾರು ತಂದು ಹಗ್ಗ ಹೊಸೆದೆವು. ಒಂದು ತುದಿ ನಾನು, ಇನ್ನೊಂದು ತುದಿ ಅವಳು. ಕೊಡದ ಕಂಠಕ್ಕೆ ಉಜ್ಜಿ ಹಗ್ಗ ಸವೆಯದಿರಲಿ ಅಂತ ಅಪ್ಪ ಕುಣಿಕೆಗೆ ಮೆತ್ತನೆಯ ಚರ್ಮ ಸುತ್ತಿ ಹೊಲಿದುಕೊಟ್ಟ. ಗಂಡಸರೂ ಹಿಂದೆ ಬೀಳಲಿಲ್ಲ. ಗೆಳತಿಯ ಕೇರಿಯವರು ಕೂಲಿಗೆ ಹೋಗುವುದನ್ನು ನಿಲ್ಲಿಸಿದರು, ಅಪ್ಪ ಹರಿದ ಬಾನಿಗಳನ್ನು ಮುಟ್ಟಲಿಲ್ಲ. ತೋಟ ಬಾಡತೊಡಗಿದಾಗ ಊರಿನವರು ಮಾತಿಗೆ ಬಂದರು. ಮಾತುಕತೆ ಆದದ್ದು ಗೆಳತಿಯ ಕೇರಿಯಲ್ಲಿ. ನಮ್ಮವರನ್ನು ಕರೆಯಲಿಲ್ಲ. 'ನಿಮ್ದೂ ಸೇರ್ಸೇ ಮಾತಾಡ್ತೀವಿ ಬುಡಿ' ಅಂತ ಆ ಕೇರಿಯ ಹಿರಿಯರು ಅಂದಿದ್ದರು. ನಂಬಿದೆವು. ಬಾವಿಗೆ ಹತ್ತಿರ ಅಂತ ಹಗ್ಗವನ್ನೂ ಅವಳ ಮನೆಯಲ್ಲೇ ಇಟ್ಟಿದ್ದೆವು.

ಬಾವಿ ಬಿಟ್ಟುಕೊಟ್ಟರು ಅನ್ನುವ ಸುದ್ದಿ ಕೇಳಿ ಮಾರನೇ ಬೆಳಿಗ್ಗೆ ಅವ್ವ ಹುಣಸೆಹಣ್ಣು ಹಾಕಿ ಕೊಡ ಬೆಳಗಿ, ಮದುವೆ ಸೀರೆ ಉಟ್ಟು ಹೊರಟಳು. ನಾವು ಹೋಗುವಷ್ಟರಲ್ಲಿ ಬಾವಿಕಟ್ಟೆಯ ಮೇಲೆ ಅವರ ಕೇರಿಯ ಹೆಂಗಸರಿದ್ದರು. ಸೇದುತ್ತಿದ್ದವಳು ನನ್ನ ಗೆಳತಿ. ಅವ್ವ ಕಟ್ಟೆಗೆ ಕಾಲಿಡಲು ಹೋದಾಗ ಹಗ್ಗ ಹಿಡಿದುಕೊಂಡೇ ಅಡ್ಡ ಬಂದಳು.

'ಅಲ್ಲೇ ಇಡು ದೊಡ್ಡವ್ವ, ನಾನೇ ಹುಯ್ತೀನಿ.'

'ಯಾಕೇ?' ಅಂದೆ.

'ನೀವು ಮುಟ್ಟುದ್ರೆ ನಮ್ಗೂ ಬಾವಿ ಬಂದ್ ಅಂತ ಊರೋರು ಹೇಳವ್ರೆ ಕಣೇ. ನಮ್ಮೋರು ಒಪ್ಕಂಡವ್ರೆ. ಮೊದ್ಲು ನಮ್ದಾಗ್ಲಿ, ನಿಮ್ದು ಆಮೇಲೆ ನೋಡಾಣ.'

ಅವಳ ಕೈಲಿದ್ದ ಹಗ್ಗ ನೋಡಿದೆ. ನಾವು ಹೊಸೆದದ್ದೇ. ಕುಣಿಕೆಯಲ್ಲಿ ಅಪ್ಪ ಹೊಲಿದಿದ್ದ ಚರ್ಮ ಇರಲಿಲ್ಲ. ಕುಯ್ದು ತೆಗೆದಿದ್ದರು. ಹೊಲಿಗೆ ದಾರದ ಚೂರುಗಳು ಇನ್ನೂ ಅಂಟಿಕೊಂಡಿದ್ದವು.

ಮನೆಗೆ ಹೋಗೋಣ ಬಾ ಅಂತ ಅವ್ವನ ರಟ್ಟೆ ಹಿಡಿದೆಳೆದೆ. ಅವ್ವ ಬರಲಿಲ್ಲ. ಮನೆಯಲ್ಲಿ ಒಂದು ತೊಟ್ಟೂ ನೀರಿರಲಿಲ್ಲ. ಬೆಳಗಿದ ಕೊಡವನ್ನು ನೆಲದ ಮೇಲಿಟ್ಟು ಹಿಂದೆ ಸರಿದು ನಿಂತಳು. ನನ್ನ ಗೆಳತಿ ಮೇಲಿನಿಂದ ಹುಯ್ದಳು, ಕೊಡಕ್ಕೆ ಕೊಡ ತಾಗದ ಹಾಗೆ. ಎಷ್ಟು ಬೇಗ ಕಲಿತುಬಿಟ್ಟಿದ್ದಳು! ಮದುವೆ ಸೀರೆಯ ಅಂಚೆಲ್ಲ ಕೆಸರಾಯಿತು.

ಅಪ್ಪನಿಗೆ ಹೇಳಿದಾಗ, 'ಹೊಳೆ ದಾಟಿದ್ಮೇಲೆ ಅಂಬಿಗ ಯಾಕೆ ಬುಡು' ಅಂದ. ಅವರೆಲ್ಲ ಕೂಲಿಗೆ ಹೋಗತೊಡಗಿದ ಮೇಲೆ ಅವನೊಬ್ಬನೇ ಎಷ್ಟು ದಿನ ಹಟ ಹಿಡಿದಾನು? ಗೌಡರ ಬಾನಿ ತರಿಸಿಕೊಂಡು ಹೊಲಿಯಲು ಕೂತ.

ರಜೆ ಮುಗಿದು ಹಾಸ್ಟೆಲ್‌ಗೆ ಹೋದ ದಿನ ಅವಳು ಏನೂ ಆಗಿಲ್ಲವೆಂಬಂತೆ ನನ್ನ ಪಕ್ಕ ಬಂದು ಕೂತಳು. ನನ್ನ ತಟ್ಟೆಯ ಮುದ್ದೆ ಮುರಿದು, ನನ್ನ ಸಾರಿನಲ್ಲೇ ಅದ್ದಿ ಬಾಯಿಗಿಟ್ಟುಕೊಂಡಳು. ನನ್ನ ಲೋಟ ಎತ್ತಿ ನೀರನ್ನೂ ಕುಡಿದಳು. 'ಇನ್ನೂ ಕೋಪನೇನೇ?' ಅಂದಳು.

'ನಮ್ಮನೇಗೆ ಬಂದು ಹಿಂಗೇ ಕುಡೀತೀಯಾ?' ಅಂತ ಕೇಳಿದೆ.

ಅವಳು ಲೋಟ ಕೆಳಗಿಟ್ಟಳು. ಆಮೇಲೆ ನಾನು ತಟ್ಟೆ ಬೇರೆ ಮಾಡಿಕೊಂಡೆ.

ಅವ್ವ ತೀರಿಕೊಂಡದ್ದು ಎಂಬತ್ತರ ದಶಕದಲ್ಲಿ. ಸಾಯುವ ದಿನ ಅವಳ ಬಾಯಿಗೆ ನಾನು ಬಿಟ್ಟ ನೀರೂ, ಅವತ್ತು ಬೆಳಿಗ್ಗೆ ಬಾವಿಯ ಹತ್ತಿರ ಯಾರೋ ಮೇಲಿನಿಂದ ಹುಯ್ದದ್ದೇ.