ನಲವತ್ಮೂರಕ್ಕೆ ಹೋದವನ ಪಾಪ

ಕರುಣಾಬಾಯಿ ಮೂವತ್ತೊಂದು ವರ್ಷ ನರ್ಸ್ ಕೆಲಸ ಮಾಡಿದವರು. ವಾಡಿ, ಚಿತ್ತಾಪುರ, ಸೇಡಂ ಎಂದು ವರ್ಗವಾದಲ್ಲೆಲ್ಲ ಹೋಗಿ, ನಿವೃತ್ತರಾದ ಮೇಲೆ ಹುಟ್ಟೂರು ಶಹಾಬಾದಿಗೆ ಬಂದು ನೆಲೆಸಿದರು. ಸಭೆಯವರು "ಹೆಂಗಸರ ಬೈಬಲ್ ಕ್ಲಾಸು ನೀವೇ ತಗೋರಿ ಬಾಯಾರ" ಎಂದಾಗ ಒಲ್ಲೆ ಅನ್ನಲಿಲ್ಲ. ಪ್ರತಿ ಗುರುವಾರ ಮಧ್ಯಾಹ್ನ ಹದಿನಾಲ್ಕು ಹೆಂಗಸರು ಚರ್ಚಿನಲ್ಲಿ ಚಾಪೆ ಹಾಸಿಕೊಂಡು ಕೂಡುತ್ತಿದ್ದರು. ಅರ್ಧಕ್ಕರ್ಧ ಮಂದಿಗೆ ಓದು ಬಾರದು. ಕರುಣಾಬಾಯಿ ಓದಿ ಅರ್ಥ ಹೇಳಿದರೆ ಯಾರೂ ಅಲುಗಾಡುತ್ತಿರಲಿಲ್ಲ. ತನಗೆ ಹೇಳಲು ಬರುತ್ತದೆ ಎಂಬ ಸಣ್ಣ ಹಮ್ಮು ಅವರಿಗೂ ಇತ್ತು.

ಹೋದ ವರ್ಷ ಆಗಸ್ಟಿನಲ್ಲಿ ಆದಿಕಾಂಡದ ವಂಶಾವಳಿ ಬಂತು.

"ಮೆತೂಷೆಲಹ ಒಂಬೈನೂರಾ ಅರವತ್ತೊಂಬತ್ತು ವರ್ಷ ಬದುಕಿದ. ನೋಹ ಒಂಬೈನೂರಾ ಐವತ್ತು. ಜಲಪ್ರಳಯ ಆದಮ್ಯಾಲ ನೋಡ್ರಿ, ನೋಹನ ಮಗ ಶೇಮ ಆರುನೂರು, ಅಬ್ರಹಾಮ ನೂರಾ ಎಪ್ಪತ್ತೈದು, ಯೋಸೇಫ ಬರೇ ನೂರಾ ಹತ್ತು. ಯಾಕ? ಮನುಷ್ಯಾರ ಪಾಪ ಏರಿದಂಗ ಆಯುಷ್ಯ ಇಳೀತು."

ಬಾಗಿಲ ಬಳಿ ಮಾಣಿಕಮ್ಮ ಕೂತಿದ್ದಳು, ಪಕ್ಕದಲ್ಲಿ ಅತ್ತೆ ಅನಸುಬಾಯಿ. ಮಾಣಿಕಮ್ಮನ ಗಂಡ ದೇವಿಂದ್ರ ಇಪ್ಪತ್ತು ವರ್ಷ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಮಷೀನಿನ ಮುಂದೆ ದುಡಿದು, ಎಂಟು ತಿಂಗಳ ಹಿಂದೆ ತೀರಿಕೊಂಡಿದ್ದ.

"ಬಾಯಾರ, ನಮ್ಮ ಮನಿಯವ್ರು ನಲವತ್ಮೂರಕ್ಕ ಹೋದ್ರು," ಅಂದಳು ಮಾಣಿಕಮ್ಮ. "ಹಂಗಾದ್ರ ಅವ್ರು ಎಷ್ಟು ಪಾಪ ಮಾಡಿದ್ರಂತೀರಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದಳು. ಎಲ್ಲರೂ ಕರುಣಾಬಾಯಿಯ ಮುಖ ನೋಡಿದರು. ನನಗೆ ಗೊತ್ತಿಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅಷ್ಟು ಮಂದಿಯ ಎದುರು ಅದು ಬಾಯಿಗೆ ಬರಲಿಲ್ಲ.

"ದೇವಿಂದ್ರ ಕುಡೀತಿದ್ದನಲ್ಲವ್ವ," ಅಂದುಬಿಟ್ಟರು.

ಮಾಣಿಕಮ್ಮ ಸೆರಗು ಎಳೆದುಕೊಂಡು ಕೊನೆಯ ಪ್ರಾರ್ಥನೆಯವರೆಗೂ ಕೂತಳು. ಆಮೆನ್ ಅಂದಳು. ಮುಂದಿನ ಗುರುವಾರ ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಕೇಳಿದರೆ, ಅನಸುಬಾಯಿ "ಅಣ್ಣನ ಊರು ಚಿಮ್ಮನಚೋಡಕ್ಕ ಹೋಗ್ಯಾಳ್ರಿ" ಎಂದು ಮುಖ ತಿರುಗಿಸಿದಳು.

ಕರುಣಾಬಾಯಿಗೆ ಊಟ ಸೇರದಾಯಿತು. ದೇವಿಂದ್ರನ ಎದೆಯ ಎಕ್ಸ್-ರೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದವರು ಅವರೇ. "ಧೂಳು ಕುಂತದಪ್ಪ, ಆ ಕೆಲಸ ಬಿಡು" ಎಂದವರೂ ಅವರೇ. "ಬಿಟ್ಟು ಏನ್ ತಿನ್ಲಿರಿ ಬಾಯಾರ" ಎಂದು ಅವನು ನಕ್ಕಿದ್ದ. ಕೊನೆಕೊನೆಗೆ ಕೆಮ್ಮು ತಡೆಯಲಾರದೆ, ಒಂದಿಷ್ಟು ನಿದ್ದೆ ಬರಲೆಂದು ಕುಡಿಯಲು ಹತ್ತಿದ್ದು ಅವರಿಗೆ ಗೊತ್ತಿತ್ತು. ಎಲ್ಲ ಗೊತ್ತಿದ್ದೂ ಅಂದಿದ್ದರು.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಚಿಮ್ಮನಚೋಡಕ್ಕೆಂದು ಬಸ್ಸು ಹತ್ತಿದರು. ಸೇಡಂನಲ್ಲಿ ಇಳಿದು ಚಿಂಚೋಳಿ ಬಸ್ಸಿಗೆ ಕಾಯುವಾಗ ಬೈಬಲಿನಲ್ಲಿ ವಂಶಾವಳಿಯ ಅದೇ ಅಧ್ಯಾಯ ತೆಗೆದರು. ನೂರು ಸಲ ಓದಿದ್ದೇ. ಪ್ರಳಯಕ್ಕೆ ಮುಂಚಿನ ಆ ಪಟ್ಟಿಯಲ್ಲಿ ಎಲ್ಲರಿಗಿಂತ ಕಡಿಮೆ ವರ್ಷ ಇದ್ದವನು ಹನೋಕ, ಮುನ್ನೂರಾ ಅರವತ್ತೈದೇ. ದೇವರೊಂದಿಗೆ ನಡೆದವನು ಎಂದು ಬರೆದಿರುವುದೂ ಅವನನ್ನೇ. ಅದಕ್ಕೂ ಮೊದಲು ಹೇಬೆಲ. ಅಣ್ಣನ ಕೈಯಲ್ಲಿ ಸತ್ತವನು ಅವನು, ಪಾಪ ಮಾಡಿದವನು ಅಣ್ಣ. ಕರುಣಾಬಾಯಿ ಪುಸ್ತಕ ಮುಚ್ಚಿದರು. ಇಷ್ಟು ವರ್ಷ ಏನು ಓದಿದೆ ಅನ್ನಿಸಿತು.

ಮಾಣಿಕಮ್ಮ ಅಣ್ಣನ ತೊಗರಿ ಹೊಲದಲ್ಲಿ ಒಬ್ಬಳೇ ಕಳೆ ಕೀಳುತ್ತಿದ್ದಳು. ಕರುಣಾಬಾಯಿಯನ್ನು ನೋಡಿ ಎದ್ದಳು. "ಬರ್ರಿ, ನೆರಳಿಗೆ ಕುಂದ್ರಿ," ಎಂದು ಮರದ ಬುಡ ತೋರಿಸಿದಳು.

"ನಂದು ತಪ್ಪಾತವ್ವ. ಅವನು ಕಲ್ಲಿನ ಧೂಳಿಗೆ ಸತ್ತ. ನನಗ ಗೊತ್ತಿತ್ತು."

ಮಾಣಿಕಮ್ಮ ಕೈಯಲ್ಲಿದ್ದ ಕಳೆಯನ್ನು ಬದುವಿಗೆ ಎಸೆದಳು. ಆಮೇಲೆ, "ಅವ್ರು ಕೆಮ್ಮೋದು ನೋಡಲಾರದ ನಾನೇ ಶೆರೆ ತಂದು ಕೊಡ್ತಿದ್ದೆ ಬಾಯಾರ. ಅವತ್ತ ಮನಿಗಿ ಹೋದಮ್ಯಾಲ ಅತ್ತಿ ಅಂದ್ರು, ನನ್ನ ಮಗನಿಗಿ ಕುಡಿಸಿ ಕೊಂದಾಕಿ ನೀನೇ, ಬಾಯಾರೇ ಹೇಳ್ಯಾರ ಅಂತ. ನೀವು ಹದಿನಾಕು ಮಂದಿ ಮುಂದ ಅಂದಿದ್ರಿ. ಈಗ ಯಾರೂ ಇಲ್ಲದ ಹೊಲದಾಗ ಹೇಳಾಕತ್ತೀರಿ," ಅಂದಳು.



ಬಂದ ಗುರುವಾರ ಅವರು ಚಾಪೆಯ ಮೇಲೆ ಕೂರದೆ ನಿಂತೇ ಮಾತಾಡಿದರು. ಹನೋಕನ ವಯಸ್ಸು ಓದಿದರು, ಹೇಬೆಲನ ಸಾವು ಓದಿದರು. "ಆಯುಷ್ಯ ಯಾಕ ಇಳೀತು ಅಂತ ನನಗ ಗೊತ್ತಿಲ್ಲ. ಗೊತ್ತದ ಅಂದಿದ್ದು ನನ್ನ ಸೊಕ್ಕು. ದೇವಿಂದ್ರ ಯಾಕ ಹೋದ ಅನ್ನೋದು ಮಾತ್ರ ಗೊತ್ತದ. ಧೂಳಿನಿಂದ ಹೋದ. ಅವನ ಪಾಪದಿಂದಲ್ಲ, ಅವನ ಹೆಂಡತಿಯಿಂದ ಅಂತೂ ಅಲ್ಲವೇ ಅಲ್ಲ."

ಅನಸುಬಾಯಿ ನೆಲ ನೋಡುತ್ತಲೇ, "ಅವತ್ತೇ ಹೀಂಗ ಹೇಳಿದ್ರ, ಸೊಸಿ ಮನ್ಯಾಗೇ ಇರ್ತಿದ್ಳಲ್ರಿ," ಅಂದಳು. ಅಂದು ಕರುಣಾಬಾಯಿಗೆ ಪ್ರಾರ್ಥನೆ ಮುಗಿಸಲು ಆಗಲಿಲ್ಲ. ಬೇರೆಯವರು ಮುಗಿಸಿದರು.

ಈ ವರ್ಷ ಈಸ್ಟರ್ ಬೆಳಿಗ್ಗೆ ಮಾಣಿಕಮ್ಮ ಗಂಡನ ಸಮಾಧಿಗೆ ಹೂ ಇಡಲು ಬಂದಿದ್ದಳು. ಅನಸುಬಾಯಿ ಅವಳ ಕೈ ಹಿಡಿದು ನಿಂತಿದ್ದಳು. ಕರುಣಾಬಾಯಿ ಹತ್ತಿರ ಹೋಗಿ, "ಮನಿಗಿ ಬಂದುಬಿಡವ್ವ," ಅಂದರು.

"ನೀವು ಎಲ್ಲಾರ ಮುಂದ ಹೇಳಿದ್ದು ಕೇಳೀನ್ರಿ. ಅತ್ತಿ ಫೋನಿನ್ಯಾಗ ಭಾಳ ಅತ್ರು," ಅಂದಳು ಮಾಣಿಕಮ್ಮ. "ಆದ್ರ ಈ ಓಣ್ಯಾಗ ಇನ್ನ ನನ್ನಿಂದ ಇರೋದಾಗಂಗಿಲ್ರಿ."

ಮಧ್ಯಾಹ್ನದ ಬಸ್ಸಿಗೆ ಅವಳು ಹೊರಟಳು. ಈ ಸಲ ಅನಸುಬಾಯಿಯೂ ಗಂಟು ಕಟ್ಟಿಕೊಂಡು ಸೊಸೆಯ ಜೊತೆ ಹೋದಳು.