ತಾತನ ಎಡೆಯಲ್ಲಿ ಯಾರದೋ ಬೀಡಿ

ಕೇಳಿ ಸ್ನೇಹಿತರೇ, ಐದು ವರ್ಷದಿಂದ ನಮ್ಮ ತಾತನಿಗೆ ಬೇರೆ ಯಾರದೋ ಬೀಡಿ ಕೊಡುತ್ತಿದ್ದೇನಂತೆ! ಇವತ್ತು ಮನೆಯಲ್ಲಿ ಪಿತೃಪಕ್ಷದ ಎಡೆ. ತೀರಿಕೊಂಡವರಲ್ಲಿ ಯಾರಿಗೆ ಏನು ಇಷ್ಟವಿತ್ತೆಂದು ತಾತನ ಮಗಳು, ಅಂದರೆ ನನ್ನ ಸೋದರತ್ತೆ, ಐದು ವರ್ಷದ ಹಿಂದೆ ಹೇಳಿ ಬರೆಸಿದ್ದ ಪಟ್ಟಿ ನೋಡಿಕೊಂಡೇ ಬಡಿಸಿದ್ದೆ. ಬಾಳೆ ಎಲೆ ನೋಡಿದ ಅತ್ತೆ ಸಿಡುಕಿದಳು.

“ನಮ್ಮಪ್ಪಂಗೆ ಬೀಡಿ ಯಾಕ್ಲಾ ಇಟ್ಟೆ? ಅವ್ನು ಮುಟ್ಟೋನೇ ಅಲ್ಲ.”

“ನೀನೇ ಅಲ್ವಾ ಅತ್ತೆ ಬರೆಸಿದ್ದು?”

“ನಾನ್ಯಾಕೆ ಅಂಗೆ ಬರೆಸ್ಲಿ?”

“ಹಂಗಾದ್ರೆ ಬೀಡಿ ಸೇದ್ತಿದ್ದೋರು ಯಾರು?”

ಅತ್ತೆ “ಗ್ಯಾಪಕ ಬರ್ತಾ ಇಲ್ಲ ಕಣ್ಲಾ” ಎಂದು ಗೋಡೆ ಹಿಡಿದು ಕೂತಳು.

ಸರ್ಜಾಪುರದಲ್ಲಿ ನಾನು ಬಾಡಿಗೆಗೆ ಕೊಟ್ಟಿರುವ ಈ ಕಟ್ಟಡದ ಹನ್ನೆರಡು ಬಾಡಿಗೆದಾರರ ಊರು, ಅಪ್ಪನ ಹೆಸರು ಎಲ್ಲ ನನ್ನ ಫೈಲಿನಲ್ಲಿವೆ. ನಮ್ಮ ಹಿರಿಯರು ಮಾತ್ರ ಅತ್ತೆಯ ತಲೆಯೊಂದರಲ್ಲೇ ಇದ್ದಾರೆ. ಅಲ್ಲಿಂದಲೂ ಈಗ ಒಬ್ಬೊಬ್ಬರಾಗಿ ಹೊರಡುತ್ತಿದ್ದಾರೆ.

ಮಗಳು ಫೋನ್ ತೆಗೆದಳು. “ಅಪ್ಪಾ, ನಿಂದಾದ್ರೂ ಸರಿಯಾಗಿ ಬರ್ಕೋತೀನಿ. ನಿಂಗೇನಿಡ್ಬೇಕು, ಈಗ್ಲೇ ಹೇಳ್ಬಿಡು.”

ಬಾಟಲಿಯ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಹೆಂಡತಿ ಎದುರಿಗೇ ನಿಂತಿದ್ದಳು.

“ಮೊಸರನ್ನ” ಎಂದೆ. ಮಗಳು ಬರೆದುಕೊಂಡಳು.

ತಾತನ ಕಷ್ಟ ಈಗ ಅರ್ಥವಾಗುತ್ತಿದೆ.